ತಮ್ಮ ಮಾಡಿಕೊಟ್ಟ ಬಾಗಿಲು

ಒದ್ದೆ ಬಟ್ಟೆಯಲ್ಲಿ ತಮ್ಮನ ತುಟಿ ಒರೆಸುತ್ತಿದ್ದ ಅಕ್ಕ ಸರಕ್ಕನೆ ಮುಖ ಹಿಂದಕ್ಕೆಳೆದುಕೊಂಡಳು. ಮೂಗು ತನ್ನಷ್ಟಕ್ಕೆ ತಾನೇ ಅವನ ಬಾಯಿಯ ಹತ್ತಿರ ಹೋಗಿಬಿಟ್ಟಿತ್ತು. ಹೆಣದ ಬಾಯನ್ನೂ ಮೂಸಿ ನೋಡುವ ಮೂಗು! ಯಾರಾದರೂ ಕಂಡರೋ ಎಂದು ಅವಳು ಸುತ್ತ ನೋಡಿದಳು.

ಚಿಕ್ಕಮ್ಮ ಒಬ್ಬಳೇ ಗೋಡೆಗೊರಗಿ ಕೂತಿದ್ದಳು. "ಅತ್ತುಬಿಡೇ ಒಂದ್ಸಲ. ಹೀಗೆ ನುಂಗ್ಕೊಂಡು ಕೂತ್ರೆ ಎದೆ ಒಡೆದುಹೋಗುತ್ತೆ."

ಅಕ್ಕನಿಗೆ ಅಳು ಬಂದಿರಲಿಲ್ಲ. ಅವಳ ಕಣ್ಣೆಲ್ಲ ಬಾಗಿಲ ಕಡೆಗಿತ್ತು. ಸೈಕಲ್ ಅಂಗಡಿಯವನು ಬರುತ್ತಾನೆಂದು ಯಾರೋ ಹೇಳಿದ್ದರು. ನಿನ್ನೆ ಮಧ್ಯಾಹ್ನ ತಮ್ಮ ಕುಸಿದು ಬಿದ್ದದ್ದು ಅವನ ಅಂಗಡಿಯ ಮುಂದೆ. ಅವಳಿಗೆ ಫೋನ್ ಮಾಡಿದ್ದೂ ಅವನೇ. ಆ ಫೋನಿನಲ್ಲಿ ತಾನು ಏನೆಂದೆ ಎಂಬುದು ದೇವರಿಗೆ ಗೊತ್ತು, ಅವನಿಗೆ ಗೊತ್ತು. ದೇವರು ಬಾಯಿಬಿಡುವುದಿಲ್ಲ. ಅಂಗಡಿಯವನದೇ ಭಯ.

*

ತಮ್ಮ ಬಡಗಿ. ಕೈ ನಡುಗದ ದಿನ ಅವನಷ್ಟು ಒಳ್ಳೆಯ ಬಡಗಿ ಆ ಬೀದಿಯಲ್ಲಿ ಇರಲಿಲ್ಲ. ಆದರೆ ಅಂಥ ದಿನಗಳು ಬರಬರುತ್ತ ಕಡಿಮೆಯಾದವು. ಒಂದು ಸಂಜೆ ಕುಡಿದು ಬಂದು ಈ ಮನೆಯ ಬಾಗಿಲನ್ನೇ ಒದ್ದು ಮುರಿದ. ಆಮೇಲೆ ಯಾರೋ ಪುಣ್ಯಾತ್ಮರು ಅವನನ್ನು ಸಭೆಗೆ ಕರೆದೊಯ್ದರು. ಶಾಲೆಯ ಹಿಂದಿನ ಕೋಣೆಯೊಂದರಲ್ಲಿ, ಕುಡಿತ ಬಿಟ್ಟವರೂ ಬಿಡಬೇಕೆನ್ನುವವರೂ ದುಂಡಗೆ ಕೂತು ಮಾತಾಡುವ ಸಭೆ. ಇದು ನನ್ನ ಕೈಲಾಗದು ಎಂದು ಒಪ್ಪಿಕೊಳ್ಳುವುದು ಅಲ್ಲಿ ಮೊದಲ ಮೆಟ್ಟಿಲು. ತನ್ನನ್ನು ದೇವರ ಕೈಗೆ ಒಪ್ಪಿಸಿಬಿಡುವುದು ಮುಂದಿನದು. ಹೀಗೆ ಹನ್ನೆರಡು ಮೆಟ್ಟಿಲು. ನೋಯಿಸಿದವರ ಬಳಿಗೆ ಹೋಗಿ ಸರಿಪಡಿಸುವ ಮೆಟ್ಟಿಲಿಗೆ ಬಂದಾಗ ಅವನು ಅಕ್ಕನಿಗಾಗಿ ಹೊಸ ಬಾಗಿಲು ಮಾಡಿ ಹೊತ್ತು ತಂದ.

ದಿನವಿಡೀ ಅಂಚು ಹೆರೆದು, ಉಜ್ಜಿ, ಕೀಲುಗಳಿಗೆ ಎಣ್ಣೆ ಬಿಟ್ಟ. ಒಂದು ಬೆರಳು ತಾಗಿಸಿದರೆ ಬಾಗಿಲು ಸದ್ದಿಲ್ಲದೆ ಸರಿಯುತ್ತಿತ್ತು. ಕೆಲಸ ಮುಗಿಸಿ ಹೊರಗೇ ನಿಂತು, "ಅಕ್ಕಾ, ನಿಂಗೆ ತುಂಬಾ ನೋವು ಕೊಟ್ಟೆ. ತಪ್ಪಾಯ್ತು," ಎಂದ.

ಕ್ಷಮಿಸಿದೆ ಎಂದು ಅಕ್ಕ ಹೇಳಲಿಲ್ಲ. "ಊದು," ಎಂದಳು.

ಅವನು ಬಾಯಿ ತೆರೆದು ಅವಳ ಮುಖಕ್ಕೆ ಊದಿದ. ಬರೀ ಚಹಾದ ವಾಸನೆ. ಒಳಗೆ ಬಿಟ್ಟಳು.

ಅಂದಿನಿಂದ ಅದೇ ರೂಢಿಯಾಯಿತು. ವರ್ಷಗಳು ಉರುಳಿ ಅವನ ತಲೆ ನರೆಯಿತು. ದೇವರ ದಯೆ, ಒಂದು ತೊಟ್ಟೂ ಮುಟ್ಟಲಿಲ್ಲ. ಆದರೂ ಬಂದಾಗಲೆಲ್ಲ ಹೊಸಿಲ ಹೊರಗೇ ನಿಂತು, "ಊದ್ಲಾ ಅಕ್ಕಾ?" ಎಂದು ನಗುತ್ತಿದ್ದ. ಸಾಕು, ಬಾರೋ ಎನ್ನಬಹುದಿತ್ತು ಅವಳು. ಒಮ್ಮೆಯೂ ಎನ್ನಲಿಲ್ಲ.

*

ಸೈಕಲ್ ಅಂಗಡಿಯವನು ಬಂದು ಮೂಲೆಯಲ್ಲಿ ನಿಂತ. ತೊಳೆದು ಬಂದಿದ್ದರೂ ಉಗುರ ಸಂದಿಯಲ್ಲಿ ಗ್ರೀಸ್ ಉಳಿದಿತ್ತು. ಚಿಕ್ಕಮ್ಮ ಬಿಡಲಿಲ್ಲ.

"ಅಲ್ಲಪ್ಪಾ, ಬಿದ್ದ ತಕ್ಷಣ ನಮಗೊಂದು ಮಾತು ತಿಳಿಸಬಾರದಿತ್ತಾ? ತಲೇಲಿ ನರ ಒಡೆದಿತ್ತಂತೆ. ಸ್ವಲ್ಪ ಮುಂಚೆ ತಂದಿದ್ರೆ ಉಳೀತಿದ್ದ ಅಂದ್ರು ಡಾಕ್ಟ್ರು."

ಅವನು ಅಕ್ಕನನ್ನು ಒಮ್ಮೆ ನೋಡಿದ. ಅಕ್ಕ ಕೈಯಲ್ಲಿದ್ದ ಬಟ್ಟೆ ಹಿಂಡಿದಳು. ಅದರಲ್ಲಿ ನೀರೇ ಉಳಿದಿರಲಿಲ್ಲ.

"ಫೋನ್ ಮಾಡ್ದೆ ಅಮ್ಮಾ. ಲೈನ್ ಸಿಗಲಿಲ್ಲ."

"ಬೆಂಕಿ ಬೀಳ ನಿನ್ನ ಫೋನಿಗೆ! ಊರ ಸೈಕಲ್ಲಿಗೆಲ್ಲ ಗಾಳಿ ಹೊಡೀತೀಯ, ಅದಕ್ಕೂ ಒಂದಿಷ್ಟು ಹೊಡಿಯೋ!"

"ತಪ್ಪು ನಂದೇ. ಕುಡಿದಿರ್ಬೇಕು ಅಂದ್ಕೊಂಡು ನೆರಳಲ್ಲಿ ಮಲಗಿಸಿ ಸುಮ್ನಿದ್ದೆ." ಅವನು ತಲೆ ತಗ್ಗಿಸಿದ.

ಅಕ್ಕನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅವನು ತನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮೂವರು ಗಂಡಸರು ಬಾಗಿಲಿಗೆ ಬಂದರು. ಮುಂದಿದ್ದವನು ಲಾರಿ ಡ್ರೈವರ್. ತಮ್ಮನನ್ನು ಮೊದಲ ದಿನ ಸಭೆಗೆ ಕೈಹಿಡಿದು ಕರೆದೊಯ್ದವನು.

"ಯಾರಪ್ಪಾ ನೀವು? ಎಲ್ಲಿಯ ಪರಿಚಯ?" ಎಂದಳು ಚಿಕ್ಕಮ್ಮ.

"ಜೊತೇಲಿ ಕೂತ್ಕೋತಿದ್ವಿ ಅಮ್ಮಾ," ಎಂದಷ್ಟೇ ಹೇಳಿದ ಡ್ರೈವರ್.

"ಒಳಗೆ ಬನ್ನಿ," ಅಕ್ಕ ಎದ್ದುಹೋಗಿ ಕರೆದಳು.

ಅವರು ಹೊಸಿಲು ದಾಟಲಿಲ್ಲ. ಡ್ರೈವರ್ ದನಿ ತಗ್ಗಿಸಿದ. "ಊದ್ಬೇಕಲ್ವಾ ಅಕ್ಕಾ? ನಿಮ್ಮನೆ ಪದ್ಧತಿ ಅಂತ ಹೇಳಿದ್ದ." ಅವನ ಮುಖದಲ್ಲಿ ತಮಾಷೆಯಿರಲಿಲ್ಲ. "ನಮ್ಮಲ್ಲಿ ಯಾರಾದ್ರೂ ಎಡವೋ ಹಾಗಿದ್ರೆ ಹೇಳೋನು, ಇವತ್ತು ನಮ್ಮಕ್ಕನ ಮನೆಗೆ ಹೋಗ್ಬೇಕು ಅಂದ್ಕೊಳ್ಳಿ ಅಂತ. ಎಷ್ಟೋ ದಿನ ನಾನು ಹಾಗೇ ಉಳ್ಕೊಂಡೆ."

ಅವನು ಬಾಯಿ ತೆರೆದ. ಅಕ್ಕ ಎರಡೂ ಕೈಗಳಿಂದ ತನ್ನ ಮೂಗು ಬಾಯಿ ಮುಚ್ಚಿಕೊಂಡಳು.

"ಲೈನ್ ಸಿಕ್ಕಿತ್ತು," ಎಂದಳು ಕೈಗಳ ಹಿಂದಿನಿಂದ.

"ಏನಂದೆ?" ಎಂದಳು ಚಿಕ್ಕಮ್ಮ.

"ಲೈನ್ ಸಿಕ್ಕಿತ್ತು ಚಿಕ್ಕಮ್ಮಾ. ನಿಮ್ಮ ತಮ್ಮ ತೂರಾಡಿ ಬಿದ್ದಿದಾನೆ ಅಂದ. ಕುಡಿದಿರ್ತಾನೆ, ಬಿದ್ದಿರ್ಲಿ, ಇಳಿದ್ಮೇಲೆ ಎದ್ದು ಬರ್ತಾನೆ ಅಂದೆ. ನಾನೇ ಅಂದೆ."

ಸೈಕಲ್ ಅಂಗಡಿಯವನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಡ್ರೈವರ್ ಚಪ್ಪಲಿ ಕಳಚಿ ಒಳಗೆ ಬಂದು, ತಮ್ಮನನ್ನು ಮಲಗಿಸಿದ್ದ ಹಲಗೆಯ ತಲೆಯ ಕಡೆ ಬಗ್ಗಿದ.

"ಎತ್ತೋಣ," ಎಂದ. "ಗಾಡಿ ಕಾಯ್ತಿದೆ."

ಸೈಕಲ್ ಅಂಗಡಿಯವನೂ ಸೇರಿ ನಾಲ್ವರೂ ಎತ್ತಿದರು. ಹೊರಗಿನ ಮೆಟ್ಟಿಲು ಕಿರಿದು. ಮುಂದಿದ್ದವರು ಕೆಳಗಿಳಿದು ಕೈ ಬದಲಿಸಿಕೊಳ್ಳಲು ನಿಲ್ಲಬೇಕಾಯಿತು. ತಮ್ಮನ ಮುಖ ಒಂದು ಗಳಿಗೆ ಹೊಸಿಲ ಮೇಲೆ ನಿಂತಿತು, ತುಟಿ ಮುಚ್ಚಿಕೊಂಡು. ಹಲಗೆಯ ಅಂಚಿಗೆ ಬಾಗಿಲು ತಾಗುವಂತಿತ್ತು. ಅಕ್ಕ ಒಂದು ಬೆರಳು ತಾಗಿಸಿದಳು. ಬಾಗಿಲು ಸದ್ದಿಲ್ಲದೆ ಗೋಡೆಯ ತನಕ ಸರಿದು ನಿಂತಿತು.