ತಟ್ಟೆಯ ವಿಮಾನ

"ಹಳೇದೇ ಬೇಕಂತೆ ಕಣ್ರೀ," ಎಂದು ಪುಂಡರೀಕಾಕ್ಷ ಫೋನಿನಲ್ಲಿ ಇನ್ನೊಮ್ಮೆ ಹೇಳಿದ. "ಬೆನ್ನ ಮೇಲೆ ತಟ್ಟೆ ಇರೋದು. ಅದರಲ್ಲಿ ಹಾರಿದೋರು, ರಿಪೇರಿ ಮಾಡಿದೋರು, ಅವರ ಹೆಂಡ್ತೀರು, ಎಲ್ಲಾ ಕೇಳ್ತಿದಾರೆ. ನೀವು ವರ್ಷವೆಲ್ಲಾ ಕೂತು ಮಾಡಿದ್ರೂ ಸಾಲಲ್ಲ."

"ಹೊಸದು ಬರ್ತಾ ಉಂಟಲ್ಲ?" ಎಂದ ಜಯಶೀಲ.

"ಅದಕ್ಕೇ ರೀ. ಇಷ್ಟು ವರ್ಷ ಹಾರ್ತಿದ್ದಾಗ ಯಾರೂ ತಿರುಗಿ ನೋಡ್ಲಿಲ್ಲ. ಗುಜರಿಗೆ ಹೋಗುತ್ತೆ ಅಂದ ಕೂಡ್ಲೇ ಎಲ್ಲರಿಗೂ ಮೇಜಿನ ಮೇಲೆ ಒಂದೊಂದು ಬೇಕು."

ಪುಂಡರೀಕಾಕ್ಷ ನಕ್ಕ. ಠಾಣೆ ಶಹರಿನಲ್ಲಿ ಕುಳಿತು ಪರದೇಶದ ಗಿರಾಕಿಗಳಿಗೆ ವಿಮಾನದ ಮಾದರಿಗಳನ್ನು ಮಾರುವ ಏಜೆಂಟ್ ಅವನು; ನಗಲಿ. ಅಂಬರನಾಥದ ಇಂಡಸ್ಟ್ರಿಯಲ್ ಎಸ್ಟೇಟಿನ ತನ್ನ ಪುಟ್ಟ ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದ ಜಯಶೀಲನಿಗೆ ಮಾತ್ರ ನಗು ಬರಲಿಲ್ಲ. ಅವನು ಒಳಗೆ ತಿರುಗಿ ಗೋಡೆಯ ಮೇಲಿನ ಹಲಗೆಯನ್ನು ನೋಡಿದ. ಅಲ್ಲಿ ಏನೂ ಇರಲಿಲ್ಲ. ಇರುವುದಿಲ್ಲವೆಂದು ಅವನಿಗೆ ಗೊತ್ತೇ ಇತ್ತು.

ತಟ್ಟೆಯ ವಿಮಾನವೆಂದರೆ ಆಕಾಶದಲ್ಲಿ ಸುತ್ತುತ್ತ, ದೂರದಿಂದ ಬರುವ ವೈರಿ ವಿಮಾನಗಳನ್ನು ಮೊದಲೇ ಕಂಡು ಎಚ್ಚರಿಸುವಂಥದ್ದು. ನಾಲ್ಕು ಎಂಜಿನ್ನು, ಬೆನ್ನ ಮೇಲೆ ತಿರುಗುವ ದೊಡ್ಡ ತಟ್ಟೆ. ಅದಕ್ಕೂ ವಯಸ್ಸಾಯಿತು. ಅದನ್ನು ಇಟ್ಟುಕೊಂಡಿದ್ದ ಪರದೇಶದ ವಾಯುಪಡೆ ಬದಲಿಗೆ ಹೊಸದೊಂದನ್ನು ಕೊಳ್ಳುತ್ತಿತ್ತು. ಹೊಸದಕ್ಕೆ ಎರಡೇ ಎಂಜಿನ್ನು, ತಟ್ಟೆಯಿಲ್ಲ. ಬೆನ್ನ ಮೇಲೆ ನೆಟ್ಟಗೆ ಒಂದು ಹಲಗೆ ನಿಲ್ಲಿಸಿದಂತೆ ಇದೆ, ಅಷ್ಟೆ.

ಹಳೆಯದರ ಮೂಲವನ್ನು ಕೆತ್ತಿದವರು ದೇಜಪ್ಪ, ಜಯಶೀಲನ ಸೋದರಮಾವ. ಕಾರ್ಕಳದ ಕಡೆಯಿಂದ ತರಿಸಿದ ಹಲಸಿನ ಮರದಲ್ಲಿ, ಎರಡಡಿ ಉದ್ದಕ್ಕೆ, ಒಂದು ಇಡೀ ಮಳೆಗಾಲ ಕುಳಿತು ಕೆತ್ತಿದ್ದರು. ಆ ಮರದ ಮೂಲದಿಂದ ಫೈಬರಿನ ಅಚ್ಚು ತೆಗೆಯುವುದು, ಅಚ್ಚಿನಿಂದ ಮಾದರಿಗಳನ್ನು ಎರಕ ಹೊಯ್ಯುವುದು ಆ ಕೆಲಸದ ಕ್ರಮ. ಅಚ್ಚು ಸವೆಯುತ್ತದೆ, ಒಡೆಯುತ್ತದೆ. ಮೂಲವೊಂದಿದ್ದರೆ ಮತ್ತೊಂದು ಅಚ್ಚು ತೆಗೆದರಾಯಿತು. ಆದ್ದರಿಂದ ಮುಗಿದ ಮೂಲಕ್ಕೆ ಯಾರೂ ಉಳಿ ಮುಟ್ಟಿಸುವಂತಿಲ್ಲ. ಆಯುಧಪೂಜೆಯ ದಿನ ದೇಜಪ್ಪ ಗರಗಸ, ಉಳಿಗಳ ಜೊತೆಗೆ ಮೂಲಗಳನ್ನೂ ಸಾಲಾಗಿಟ್ಟು ಅವುಗಳ ಮೂಗಿಗೆ ಕುಂಕುಮ ಹಚ್ಚುತ್ತಿದ್ದರು. ಮದುವೆಯಾಗದ ಮನುಷ್ಯ, ತನ್ನದು ಎಂದು ಹೇಳಿಕೊಳ್ಳಲು ಅವಷ್ಟೇ ಇದ್ದವು.

ಕಳೆದ ದೀಪಾವಳಿಯ ಬೆನ್ನಿಗೇ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು. ಡೊಂಬಿವಲಿಯ ಮನೆಯಲ್ಲಿ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗಲೇ, ಜನವರಿಯಲ್ಲಿ, ಪುಂಡರೀಕಾಕ್ಷ ಹೊಸ ವಿಮಾನದ ಮಾದರಿ ಬೇಕೆಂದ, ಅದೂ ಮಳೆಗಾಲದ ಒಳಗೆ. ಅಂಥ ಮೂಗು ಕೆತ್ತುವ ಕೈ ಈಗ ಕಾರ್ಖಾನೆಯಲ್ಲಿ ಇರಲಿಲ್ಲ. ಆದರೆ ಜಯಶೀಲನಿಗೆ ಒಂದು ವಿಷಯ ಗೊತ್ತಿತ್ತು. ಹಳೆಯದು, ಹೊಸದು ಎರಡೂ ಒಂದೇ ಕಂಪನಿಯ ಪ್ರಯಾಣಿಕ ವಿಮಾನಗಳಿಂದ ಹುಟ್ಟಿದವು. ಮೂಗು ಹೆಚ್ಚುಕಡಿಮೆ ಅದೇ, ಹೊಟ್ಟೆಯ ಅಗಲವೂ ಅದೇ. ಹಳೆಯ ಮೂಲದ ಉದ್ದ ಕಡಿಮೆ ಮಾಡಿ, ತಟ್ಟೆ ಕಿತ್ತು, ಎರಡು ಎಂಜಿನ್ನು ತೆಗೆದರೆ ಅರ್ಧ ಕೆಲಸ ಮುಗಿದಂತೆ. ಹಾರುವುದನ್ನೇ ನಿಲ್ಲಿಸುವ ವಿಮಾನವನ್ನು ಇನ್ನು ಯಾರು ಕೇಳುತ್ತಾರೆ?

ಗರಗಸ ಹಿಡಿದಾಗ ರಾಯಚೂರಿನ ಯಂಕಪ್ಪ, ಅಚ್ಚಿನ ಕೆಲಸ ನೋಡಿಕೊಳ್ಳುವವ, ಒಂದು ಮಾತು ಹೇಳಿದ್ದ. "ಮಾವಾರ್ನ ಒಮ್ಮಿ ಕೇಳಬೇಕಿತ್ರಿ."

"ಅವರು ನೀರು ಕೇಳ್ಲಿಕ್ಕೂ ಆಗದೆ ಮಲಗಿದ್ದಾರೆ. ಏನು ಕೇಳುವುದು?" ಎಂದು ಜಯಶೀಲ ಸಿಡುಕಿದ್ದ. ಯಂಕಪ್ಪ ಮೂಲದ ಇನ್ನೊಂದು ತುದಿಯನ್ನು ಹಿಡಿದುಕೊಂಡ. ಹಳೆಯ ಅಚ್ಚಿನಲ್ಲಿ ಆಮೇಲೂ ಒಂದಿಷ್ಟು ಮಾದರಿ ತೆಗೆದರು. ಹೋಳಿಯ ಹೊತ್ತಿಗೆ ಅದೂ ಮಧ್ಯಕ್ಕೆ ಸೀಳಿತು. ಆಗ ಅದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಫೋನು ಬಂದ ದಿನ ಸಂಜೆ ಜಯಶೀಲ ಮನೆಗೆ ಹೋದರೆ ದೇಜಪ್ಪ ಎದ್ದು ಕುರ್ಚಿಯಲ್ಲಿ ಕುಳಿತಿದ್ದರು. ಪುಂಡರೀಕಾಕ್ಷ ಮಹಾಶಯ ಮನೆಗೂ ಫೋನು ಮಾಡಿ, ನಿಮ್ಮ ವಿಮಾನಕ್ಕೆ ಎಂಥ ಬೇಡಿಕೆ ಬಂದಿದೆ ಗೊತ್ತೇ ಎಂದು ಹೇಳಿ ಪುಣ್ಯ ಕಟ್ಟಿಕೊಂಡಿದ್ದ. ದೇಜಪ್ಪನವರ ಮಾತು ಇನ್ನೂ ಸ್ವಲ್ಪ ತೊದಲುತ್ತಿತ್ತು.

"ಅಚ್ಚು ಹೋಯ್ತಂತೆ?"

"ಹೌದು ಮಾಮ."

"ಹೋಗ್ಲಿ. ಮೂಲ ಉಂಟಲ್ಲ. ಹೊಸ ಅಚ್ಚು ತೆಗೆಯುವ. ನಾನು ಬರ್ತೇನೆ, ಎಡಗೈಯಲ್ಲಿ ಎಂತಾದ್ರೂ ಮಾಡ್ಬಹುದು."

ಜಯಶೀಲ ಕೈಕಾಲು ತೊಳೆಯುವ ನೆಪದಲ್ಲಿ ಒಳಗೆ ಹೋದ. ರತ್ನಾವತಿ ಒಗ್ಗರಣೆ ಹಾಕುತ್ತಿದ್ದಳು. ಅಷ್ಟು ಖುಷಿಯಾಗಿ ಹೆಂಡತಿಯನ್ನು ಅವನು ಈಚೆಗೆ ನೋಡಿರಲಿಲ್ಲ.

"ಇವತ್ತು ಶರ್ಟಿನ ಗುಂಡಿ ಅವರೇ ಹಾಕ್ಕೊಂಡ್ರು," ಎಂದಳು. "ಫಿಸಿಯೋದವ ಎಷ್ಟು ಬಡ್ಕೊಂಡ್ರೂ ಏಳದವರು ಒಂದು ಫೋನಿಗೆ ಎದ್ದು ಕೂತ್ರು ನೋಡಿ."

ಅವನು ಬಾಗಿಲು ಸ್ವಲ್ಪ ಮುಂದೆ ಮಾಡಿ, ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದ. ರತ್ನಾವತಿಯ ಕೈ ನಿಂತಿತು. ಬಾಣಲೆಯಲ್ಲಿ ಸಾಸಿವೆ ಕರಿಯಾಗಿ ಹೊಗೆಯೆದ್ದಿತು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಅವರು ಮತ್ತೆ ಕಾರ್ಖಾನೆಗೆ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?"

ಹೇಳಿದ ಮೇಲೆ ಆ ಮಾತಿನ ಅರ್ಥ ಅವನಿಗೇ ತಿಳಿದು ನಾಚಿಕೆಯಾಯಿತು. ರತ್ನಾವತಿ ಗ್ಯಾಸ್ ಆರಿಸಿದಳು.

"ಅವರು ಅಲ್ಲಿಗೆ ಹೋಗಿ ನೋಡುವ ಮೊದ್ಲು ನೀವೇ ಬಾಯಿಬಿಟ್ಟು ಹೇಳಿ," ಎಂದಳು.

ಅವನು ಹೇಳಲಿಲ್ಲ. ಇಂದು ಬಿಸಿಲು ಹೆಚ್ಚು, ನಾಳೆ ಹಳಿ ರಿಪೇರಿಯ ಮೆಗಾಬ್ಲಾಕ್, ಟ್ರೇನು ಸರಿಯಿಲ್ಲ ಎಂದು ದಿನ ದೂಡಿದ. ಕಾರ್ಖಾನೆಯಲ್ಲಿ ಹೊಸದೊಂದು ಮರದ ತುಂಡು ತಂದು, ಹಳೆಯ ಫೋಟೋ ಎದುರಿಗಿಟ್ಟುಕೊಂಡು ಗುಟ್ಟಾಗಿ ಕೆತ್ತಲು ಕುಳಿತ. ಮೂರನೆಯ ತುಂಡೂ ಮೂಗಿನ ಹತ್ತಿರ ಹಾಳಾದಾಗ ಯಂಕಪ್ಪ, "ಬಿಡ್ರಿ ಅಣ್ಣಾ, ಅದು ಅವ್ರ ಕೈಗೇ ಬರೂದು," ಎಂದು ಉಳಿಯನ್ನು ಅವನ ಕೈಯಿಂದ ತೆಗೆದಿಟ್ಟ. ಆ ಮೂಗು ಇನ್ನು ಉಳಿದಿದ್ದುದು ಹೊಸ ವಿಮಾನದ ಮೂಲದಲ್ಲಿ ಮಾತ್ರ. ಪ್ರೈಮರ್ ಬಳಿದು ಒಣಗಿಸಿಟ್ಟಿದ್ದರು, ಸೋಮವಾರ ಅದರ ಅಚ್ಚು ತೆಗೆಯಬೇಕಿತ್ತು.

ಶನಿವಾರ ಬೆಳಿಗ್ಗೆ ದೇಜಪ್ಪ ಯಾರಿಗೂ ಹೇಳದೆ ಸ್ನಾನ ಮುಗಿಸಿ, ಇಸ್ತ್ರಿಯ ಶರ್ಟು ಹಾಕಿ ಬಾಗಿಲ ಬಳಿ ನಿಂತಿದ್ದರು. ರತ್ನಾವತಿ ಗಂಡನ ಮುಖ ನೋಡಿದಳು.

ಅಂಬರನಾಥದ ಲೋಕಲ್ ಟ್ರೇನಿನ ಅಂಗವಿಕಲರ ಡಬ್ಬದಲ್ಲಿ ದೇಜಪ್ಪನವರಿಗೆ ಕಿಟಕಿಯ ಸೀಟು ಸಿಕ್ಕಿತು. ಜಯಶೀಲ ಎದುರು ನಿಂತ. ಠಾಕುರ್ಲಿ ದಾಟುವಾಗ ಹೇಳುತ್ತೇನೆ ಎಂದುಕೊಂಡ, ಕಲ್ಯಾಣದಲ್ಲಿ ಎಂದುಕೊಂಡ. ದೇಜಪ್ಪ ಸುಮ್ಮನಿದ್ದರೆ ತಾನೆ?

"ತಟ್ಟೆಯ ಅಚ್ಚು ಬೇರೆಯೇ ತೆಗಿ, ತಿಳೀತಾ? ಕಳೆದ ಸಲ ಒಟ್ಟಿಗೆ ತೆಗೆದು ಅಂಚು ಪುಡಿಯಾಯ್ತು."

"ಆಯ್ತು ಮಾಮ."

"ಯಂಕಪ್ಪನಿಗೆ ನಾನೇ ಹೇಳ್ತೇನೆ. ನಿನಗೆ ಮರೆವು." ಅವರು ಕಿಟಕಿಯಾಚೆ ನೋಡುತ್ತ ನಕ್ಕರು. ಸೊಟ್ಟಗಾಗಿದ್ದ ತುಟಿಯಲ್ಲಿ ಆ ನಗು ಅರ್ಧವೇ ಕಾಣುತ್ತಿತ್ತು. "ಹೊಸದು ಎಂತದ್ದೇ ಬರ್ಲಿ ಮಾರಾಯ, ಇದರಷ್ಟು ಚಂದ ಉಂಟಾ?"

ಜಯಶೀಲ ಕೈಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಕಲ್ಯಾಣವೂ ದಾಟಿತು. ತಾನು ಹೇಡಿ ಎಂದು ಅವನಿಗೆ ಅನ್ನಿಸಿತು, ಅದು ನಿಜವೂ ಆಗಿತ್ತು.

ಕಾರ್ಖಾನೆಯಲ್ಲಿ ಯಂಕಪ್ಪ ಓಡಿಬಂದು ಅವರ ಕಾಲು ಮುಟ್ಟಿ, ಕೈಹಿಡಿದು ಒಳಗೆ ಕರೆತಂದು ಅವರ ಹಳೆಯ ಸ್ಟೂಲಿನ ಮೇಲೆ ಕೂರಿಸಿದ. ದೇಜಪ್ಪನವರಿಗೆ ಏದುಸಿರು ಬರುತ್ತಿತ್ತು. ನೀರು ಬೇಕೆಂದು ಸನ್ನೆ ಮಾಡಿದರು. ಮೂಲೆಯಲ್ಲಿ ಮಣ್ಣಿನ ಕೊಡ. ಯಂಕಪ್ಪ ಅವಸರದಲ್ಲಿ ಮುಚ್ಚಳ ತೆಗೆದು ಲೋಟ ಅದ್ದಿದ. ಆಮೇಲೆ ಕೈಯಲ್ಲಿದ್ದ ಮುಚ್ಚಳವನ್ನು ನೋಡಿ ಅಲ್ಲೇ ನಿಂತುಬಿಟ್ಟ.

ಅದು ವಿಮಾನದ ತಟ್ಟೆ. ಕತ್ತರಿಸಿ ತೆಗೆದ ಮೇಲೆ ಬಿಸಾಡಲು ಮನಸ್ಸಾಗದೆ, ಕೊಡದ ಬಾಯಿಗೆ ಸರಿಹೊಂದಿತೆಂದು ಅವನೇ ಇಟ್ಟಿದ್ದ. ದೇಜಪ್ಪ ಎಡಗೈ ಚಾಚಿದರು. ಯಂಕಪ್ಪ ಜಯಶೀಲನನ್ನು ನೋಡಿ, ಬೇರೆ ದಾರಿಯಿಲ್ಲದೆ ಅದನ್ನು ಕೊಟ್ಟ. ನೀರಿನ ಪಸೆಗೆ ಮರ ಸ್ವಲ್ಪ ಉಬ್ಬಿತ್ತು, ಅಂಚಿನಲ್ಲಿ ಪಾಚಿಯ ಗೆರೆಯಿತ್ತು. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡರು.

"ಇದರ ದೇಹ ಎಲ್ಲಿ?" ಎಂದು ಕೇಳಿದರು.

ಜಯಶೀಲ ಹೊಸ ವಿಮಾನದ ಮೂಲವನ್ನು ತಂದು ಅವರ ಮುಂದಿನ ಮೇಜಿನ ಮೇಲಿಟ್ಟ. ಬಿಳಿಯ ಪ್ರೈಮರಿನಲ್ಲಿ ಅದು ಚೊಕ್ಕಟವಾಗಿ ಹೊಳೆಯುತ್ತಿತ್ತು, ಎಲ್ಲಿ ಕೊಯ್ದದ್ದು ಎಲ್ಲಿ ಅಂಟಿಸಿದ್ದು ಯಾರಿಗೂ ಗೊತ್ತಾಗುವಂತಿರಲಿಲ್ಲ. ದೇಜಪ್ಪ ಎಡಗೈಯ ಹೆಬ್ಬೆರಳನ್ನು ಅದರ ಮೂಗಿನ ಮೇಲಿಂದ ನಿಧಾನವಾಗಿ ಹಿಂದಕ್ಕೆ ಎಳೆದರು. ಬೆನ್ನ ಮೇಲಿನ ಹಲಗೆ ತಾಗುವವರೆಗೆ ಎಳೆದು, ಮತ್ತೆ ಮೂಗಿಗೆ ಬಂದರು.

"ಮಾಮ, ಆವಾಗ ನೀವು ಮಲಗಿದ್ರಿ," ಎಂದ ಜಯಶೀಲ. "ಹಳೇದು ಯಾರಿಗೂ ಬೇಡ ಅಂತ ನಾನು..."

"ನಾನು ಏಳುದಿಲ್ಲ ಅಂತ," ಎಂದರು ದೇಜಪ್ಪ. ಕೋಪದಲ್ಲಿ ಹೇಳಲಿಲ್ಲ. ಕೋಪ ಮಾಡಿದ್ದರೆ ಜಯಶೀಲ ಬದುಕಿಕೊಳ್ಳುತ್ತಿದ್ದ.

ದೇಜಪ್ಪ ತೊಡೆಯ ಮೇಲಿನ ತಟ್ಟೆಯನ್ನು ಮೇಜಿನ ಬದಿಗಿಟ್ಟರು. ಆಮೇಲೆ, "ಇಲ್ಲಿ ಕೆಳಗೆ ಸ್ವಲ್ಪ ಉಬ್ಬಿದೆ. ಪೇಪರ್ ಕೊಡು," ಎಂದರು.

ಅಲ್ಲಿ ಉಬ್ಬಿರಲಿಲ್ಲ. ಯಂಕಪ್ಪ ಬೇಡವೆಂದು ಕಣ್ಣಲ್ಲೇ ಹೇಳಿದ. ಜಯಶೀಲ ಪಾಲಿಶ್ ಕಾಗದದ ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ ಅವರ ಎಡಗೈಗೆ ಕೊಟ್ಟ.

ಮಾವ ಉಜ್ಜತೊಡಗಿದರು. ಆ ಕೈಗೆ ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಬೇಕು ಎಂಬುದು ತಿಳಿಯದು. ಮೊದಲು ಪ್ರೈಮರ್ ಹೋಯಿತು, ಅದರಡಿಯ ಪುಟ್ಟಿ ಹೋಯಿತು, ಆಮೇಲೆ ಹಲಸಿನ ಹಳದಿ ಮರ ಕಾಣಿಸಿತು. ಮೂಗು ಒಂದು ಕಡೆಗೆ ಚಪ್ಪಟೆಯಾಗುತ್ತ ಬಂತು. "ಅಣ್ಣಾ, ಸೋಮವಾರ ಅಚ್ಚು ತಗೀಬೇಕ್ರಿ," ಎಂದು ಯಂಕಪ್ಪ ಜಯಶೀಲನ ಕಿವಿಯ ಹತ್ತಿರ ಹೇಳಿದ. ದೇಜಪ್ಪ ತಲೆಯೆತ್ತಲಿಲ್ಲ. ಅವರ ಹಣೆಯಲ್ಲಿ ಬೆವರು ಮೂಡಿತ್ತು, ಪ್ರತಿ ಸಲ ಒತ್ತಿದಾಗಲೂ ಮೂಲ ಮೇಜಿನ ಮೇಲೆ ಜಾರುತ್ತಿತ್ತು.

ಜಯಶೀಲ ನೆಲದ ಮೇಲೆ ಮಂಡಿಯೂರಿ ಕುಳಿತು, ಅದು ಅಲುಗಾಡದಂತೆ ಬಾಲದ ಕಡೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದುಕೊಂಡ. ಹಳದಿ ಪುಡಿ ಅವನ ಮುಂಗೈಗಳ ಮೇಲೆ ಬೀಳುತ್ತಿತ್ತು.