ಬದು ದಾಟದ ಹಲಗೆ

ಕೇರಿಯ ಸೂಚನೆಯ ಹಾಳೆ ಸಿಕ್ಕಿಸಿದ ಸುತ್ತೋಲೆಯ ಹಲಗೆ ಕುನಿಹಿರೊನ ಅಡುಗೆಮನೆಯ ಮೇಜಿನ ಮೇಲೆ ಬಿದ್ದು ವಾರವಾಗುತ್ತ ಬಂದಿತ್ತು. ಕೇರಿಯ ಮನೆಗಳನ್ನೆಲ್ಲ ಸುತ್ತಿ ಅದು ಅವನಲ್ಲಿಗೆ ಬರುತ್ತದೆ. ಅವನು ಓದಿ, ಓದಿದ ಗುರುತಿಗೆ ತನ್ನ ಹೆಸರಿನೆದುರು ಸಣ್ಣ ಮುದ್ರೆ ಒತ್ತಿ, ಕೊನೆಯ ಮನೆಯ ಇಸಾವೊನಿಗೆ ಕೈಯಾರೆ ಮುಟ್ಟಿಸಬೇಕು. ಎರಡು ಮನೆಗಳ ನಡುವೆ ಇರುವುದು ಒಂದು ಗದ್ದೆಯ ಬದು ಮಾತ್ರ. ನಾಟಿಗೆ ಮೊದಲು ಕಾಲುವೆಯ ಹೂಳು ತೆಗೆಯಬೇಕು, ಭಾನುವಾರ ಮನೆಗೊಬ್ಬರು ಬನ್ನಿ ಎಂದು ಹಾಳೆಯಲ್ಲಿ ಬರೆದಿತ್ತು. ಕುನಿಹಿರೊ ಮುದ್ರೆ ಒತ್ತಿದ್ದ. ಬದು ದಾಟಲು ಆಗಿರಲಿಲ್ಲ.

ಕುನಿಹಿರೊ ತನ್ನ ಸಣ್ಣ ಕಾರ್ಖಾನೆಗೆ ತೋಫು ಕರಿಯುವ ದೊಡ್ಡ ಯಂತ್ರವನ್ನು ಬಾಡಿಗೆ ಕರಾರಿನ ಮೇಲೆ ತರಿಸಿದಾಗ ಜಾಮೀನಿಗೆ ನಿಂತವನು ಇಸಾವೊ. ಅಂದು ಕಾಗದವನ್ನು ಓದಲೂ ಇಲ್ಲ. ಸಹಿಯ ಬದಲಿಗೆ ಮನೆಯ ದೊಡ್ಡ ಮುದ್ರೆಗೆ ಬಾಯಿಂದ ಉಸಿರು ಊದಿ ಒತ್ತಿದ್ದ.

"ನಿನ್ನ ಮದುವೆಗೂ ನಾನೇ ಜಾಮೀನು ನಿಂತಿದ್ದು ಕಣೋ. ಅದೇ ಇಷ್ಟು ವರ್ಷ ಬಾಳಿಕೆ ಬಂದಿದೆ. ಯಂತ್ರ ಬರಲ್ವಾ?" ಎಂದು ನಕ್ಕಿದ್ದ.

ಪಟ್ಟಣದ ಅಂಗಡಿಗಳು ಅಗ್ಗದ ತೋಫು ತರಿಸತೊಡಗಿದ ಮೇಲೆ ಕಾರ್ಖಾನೆ ಮುಚ್ಚಿತು. ಬಾಡಿಗೆಗೆ ಕೊಟ್ಟ ಕಂಪನಿಯವರು ಬಂದು ಯಂತ್ರವನ್ನು ಲಾರಿಗೆ ಹೇರಿದರು. ಹೆಂಡತಿ, ಕೇರಿಯವರ ಮುಖ ನೋಡಲಾರೆ ಎಂದು ಮಗಳ ಮನೆಗೆ ಹೊರಟುಹೋದಳು. ಯಂತ್ರದೊಂದಿಗೆ ಸಾಲವೂ ಹೋಯಿತೆಂದು ಕುನಿಹಿರೊ ತಿಳಿದಿದ್ದ. ಹಾಗಲ್ಲ ಎಂದು ಹಲಗೆ ಬಂದ ದಿನವೇ ವಕೀಲ ಬಿಡಿಸಿ ಹೇಳಿದ. ಯಂತ್ರ ಹೋದರೂ ಕರಾರು ಮುಗಿಯುವವರೆಗಿನ ಬಾಡಿಗೆ ಕಟ್ಟಲೇಬೇಕು. ದಿವಾಳಿ ಅರ್ಜಿ ಹಾಕಿದರೆ ಕುನಿಹಿರೊನ ಕೊರಳು ಬಿಡುತ್ತದೆ, ಆದರೆ ಕುಣಿಕೆ ಜಾಮೀನುದಾರನಿಗೆ ಬೀಳುತ್ತದೆ. ಸೋಮವಾರ ಸಹಿಗೆ ಬರಬೇಕೆಂದಿದ್ದ. ಕಂಪನಿಯ ಕಾಗದ ಮುಟ್ಟುವ ಮೊದಲು ಇಸಾವೊನಿಗೆ ತಾನೇ ಹೇಳಬೇಕೆಂದು ಕುನಿಹಿರೊ ದಿನವೂ ಹಲಗೆ ಎತ್ತಿಕೊಳ್ಳುತ್ತಿದ್ದ, ಬಾಗಿಲವರೆಗೆ ಹೋಗಿ ಮತ್ತೆ ಮೇಜಿನ ಮೇಲಿಡುತ್ತಿದ್ದ.

ಭಾನುವಾರ ಕಾಲುವೆಯ ಹತ್ತಿರ ಎಲ್ಲ ಮನೆಯವರೂ ಸೇರಿದರು, ಇಸಾವೊನ ಮನೆಯ ಹೊರತು.

"ಎಲ್ಲಪ್ಪಾ ಇಸಾವೊ? ಬಿಸಿನೀರ ಬುಗ್ಗೇಲಿ ಬೆನ್ನು ನೆನೆಸ್ಕೊಂಡು ಕೂತವ್ನೋ ಏನೋ," ಎಂದ ಒಬ್ಬ.

"ನೀರು ಮಾತ್ರ ಅವನ ಗದ್ದೆಗೇ ಮೊದಲು ಬೇಕು," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ತಪ್ಪು ನನ್ನದು ಎನ್ನಲು ಕುನಿಹಿರೊನ ನಾಲಿಗೆ ಏಳಲಿಲ್ಲ. ತನ್ನ ಪಾಲಿನ ಹೂಳು ತೆಗೆದ ಮೇಲೆ ಇಸಾವೊನ ಪಾಲಿಗೂ ಇಳಿದ. ಉಳಿದವರು ದಂಡೆಯ ಮೇಲೆ ಅನ್ನದುಂಡೆ ತಿಂದು, ಚಹಾ ಕುಡಿದು ಮನೆಗೆ ಹೋದರು. ಬಾ ಎಂದು ಅವನನ್ನು ಯಾರೂ ಕರೆಯಲಿಲ್ಲ. ಕೆಸರು ತಣ್ಣಗಿತ್ತು.

ಮೊಮ್ಮಗಳ ಶಾಲೆಯ ಆಟೋಟ ನೋಡಲು ಪಟ್ಟಣಕ್ಕೆ ಹೋಗಿದ್ದ ಇಸಾವೊ ಸಂಜೆಗೆ ಬಂದ. ಕುನಿಹಿರೊನ ಬಾಗಿಲಲ್ಲೇ ನಿಂತ.

"ಇಷ್ಟು ವಯಸ್ಸಾದ್ಮೇಲೆ ಕೇರಿಯವರ ಕೈಲಿ ಮಾತು ಕೇಳ್ದೆ ಕಣೋ. ಹಲಗೆ ಎಲ್ಲಿ?"

"ಇಲ್ಲೇ ಇದೆ, ಇಸಾವೊ ಅಣ್ಣ."

"ಕಾಲು ಮುರಿದಿತ್ತಾ ನಿಂಗೆ?"

ಕುನಿಹಿರೊ ನೆಲದ ಮೇಲೆ ಮೊಣಕಾಲೂರಿ ಹಣೆ ತಗ್ಗಿಸಿದ. ತಲೆಯೆತ್ತದೆಯೇ ಎಲ್ಲವನ್ನೂ ಹೇಳಿದ. ಯಂತ್ರ, ಉಳಿದ ಬಾಡಿಗೆ, ನಾಳಿನ ಸಹಿ.

"ಸಹಿ ಹಾಕದಿದ್ರೆ?" ಇಸಾವೊನ ದನಿ ಇಳಿದಿತ್ತು.

"ನಾನೂ ಮುಳುಗ್ತೀನಿ, ನಿನ್ನನ್ನೂ ಮುಳುಗಿಸ್ತೀನಿ."

"ಹಾಗಿದ್ರೆ ಹಾಕು. ಗುಡ್ಡದ ಮೇಲಿನ ನನ್ನ ದೇವದಾರು ತೋಪು ಮಾರ್ತೀನಿ. ಮುದ್ರೆ ಒತ್ತಿದ್ದು ನಾನೇ. ಯಾರೂ ನನ್ನ ಕೈ ಹಿಡಿದು ಒತ್ತಿಸ್ಲಿಲ್ಲ."

"ಒಂದು ಲೋಟ ಚಹಾ..."

"ಬೇಡ." ಇಸಾವೊ ಮೇಜಿನಿಂದ ಹಲಗೆ ಎತ್ತಿಕೊಂಡ. ಹೊಸ್ತಿಲು ದಾಟಿದವನು ತಿರುಗದೆಯೇ ಹೇಳಿದ, "ಯಂತ್ರ ಮುಳುಗಿಸ್ತು ಅಂತ ನಾನು ಬೇಜಾರು ಮಾಡ್ಕೊಳ್ಳಲ್ಲ. ಪಕ್ಕದಲ್ಲಿದ್ದು ವಾರ ಮುಚ್ಚಿಟ್ಟೆಯಲ್ಲ. ಇನ್ಮೇಲೆ ನಮ್ಮನೆ ಒಳಗೆ ಬರಬೇಡ ಕುನಿ. ಹಲಗೆ ಬಂದ್ರೆ ಗೇಟಿನ ಪೆಟ್ಟಿಗೆಗೆ ಹಾಕ್ಬಿಡು."

ಮಳೆಗಾಲದ ಹೊತ್ತಿಗೆ ಮೇಲಿನ ದೇವದಾರು ತೋಪಿನಲ್ಲಿ ಗರಗಸದ ಸದ್ದು ಶುರುವಾಯಿತು. ಸುತ್ತೋಲೆ ಬಂದ ದಿನ ಕುನಿಹಿರೊ ಓದಿ, ಮುದ್ರೆ ಒತ್ತಿ, ಆಗಲೇ ಬದು ದಾಟುತ್ತಾನೆ. ಒಂದು ದಿನವೂ ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಇಸಾವೊನ ಗೇಟಿನ ತಗಡಿನ ಪೆಟ್ಟಿಗೆಗೆ ಹಾಕಿದರೆ ಹಲಗೆ ಢಣ್ಣೆಂದು ಬೀಳುತ್ತದೆ. ಒಳಗೆ ಟಿವಿಯ ಸದ್ದು ಕೊಂಚ ತಗ್ಗುತ್ತದೆ. ಅವನು ತುಸು ಹೊತ್ತು ನಿಲ್ಲುತ್ತಾನೆ. ಟಿವಿಯ ಸದ್ದು ಮತ್ತೆ ಏರಿದ ಮೇಲೆ ಬದುವಿನ ದಾರಿ ಹಿಡಿಯುತ್ತಾನೆ.