ಬರ್ತೇನಿ ಅನಬೇಕು

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ರಾಚಪ್ಪ ಕೈಯಲ್ಲಿ ಮಲ್ಲಿಗೆ ಹಾರ, ಚೀಲದಲ್ಲಿ ಶಾಲು ಹಿಡಿದು ನಿಂತಿದ್ದ. ಫಾರಿನ್ ಹುಡುಗಿ ನಮ್ಮ ಮನೆಯಲ್ಲಿ ಇರುತ್ತಾಳೆ ಎಂದು ತನ್ನ ದಲಾಲಿಯ ಅಡತಿ ಅಂಗಡಿಗೆ ತೊಗರಿ ತಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ವಿಜಯಪುರದ ಬಸ್ಸಿನಿಂದ ಮಗಳು ರಾಜೇಶ್ವರಿಯ ಹಿಂದೆ ಕೀನ್ಯಾದ ಅಕಿನ್ಯಿ ಇಳಿದಳು, ಕಪ್ಪಗೆ, ಎತ್ತರಕ್ಕೆ, ನಗುತ್ತ. ಹಾರ ಹೇಗೋ ಕೊರಳಿಗೆ ಬಿತ್ತು. ಶಾಲು ಮಾತ್ರ ಚೀಲದಿಂದ ಹೊರಗೆ ಬರಲಿಲ್ಲ.

“ಬಿಸಲು ಭಾಳ ಐತಿ, ಶಾಲು ಯಾಕ,” ಎಂದ ರಾಚಪ್ಪ.

ರಾಜೇಶ್ವರಿಗೆ ಅಂದೇ ಮೈ ಉರಿಯಿತು. ಆದರೂ ನುಂಗಿಕೊಂಡಳು. ಅವಳ ಕೃಷಿ ಕಾಲೇಜು ಮಾಡಿದ ಏರ್ಪಾಟು ಸರಳವಾಗಿತ್ತು. ಹಿಂಗಾರಿ ಜೋಳ ಕೊಯ್ಲಿಗೆ ಬರುವ ತನಕ ಅಕಿನ್ಯಿ ಇವರ ಮನೆಯಲ್ಲಿದ್ದು ಓದಬೇಕು. ಆಮೇಲೆ ರಾಜೇಶ್ವರಿ ಕೀನ್ಯಾಕ್ಕೆ ಹೋಗಿ ಅಕಿನ್ಯಿಯ ತಾಯಿಯ ಮನೆಯಲ್ಲಿರಬೇಕು. ಆ ತಾಯಿ ಆಗಲೇ ಫೋನಿನಲ್ಲಿ ಖೋಲಿ ತೋರಿಸಿ, ಕಿಟಕಿಗೆ ಹಾಕಿದ ಹೊಸ ಪರದೆಯ ಬಣ್ಣ ನಿನಗೆ ಹಿಡಿಸಿತೇ ಮಗಳೇ ಎಂದು ಕೇಳಿದ್ದಳು. ಇಲ್ಲಿ ಅಕಿನ್ಯಿಯ ಮನಸ್ಸು ನೊಂದರೆ ಅಲ್ಲಿಗೆ ತಾನು ಯಾವ ಮುಖ ಹೊತ್ತು ಹೋಗುವುದು? ರಾಜೇಶ್ವರಿಗೆ ಹಗಲೂ ರಾತ್ರಿ ಅದೇ ಚಿಂತೆ.

ಓಣಿಯವರಿಗೆ ಆ ಹೆಸರೇ ಒಂದು ತಮಾಷೆ. ಈ ಸೀಮೆಯಲ್ಲಿ ಅಕಿ ಅಂದರೆ ಅವಳು, ಯಾಕಿ ಅಂದರೆ ಯಾವಳು. “ಅಕಿ ಯಾಕಿ?” “ಅಕಿನ ಅಕಿ,” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂತೆಗೆ ಬಂದ ಹೊಸ ಎತ್ತನ್ನು ನೋಡುವಂತೆ ಸುತ್ತು ಹಾಕಿದರು, ಕೂದಲು ಮುಟ್ಟಿದರು, ಕೇಳದೆ ಫೋಟೋ ಹೊಡೆದುಕೊಂಡರು. ಅಕಿನ್ಯಿ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಅದು ನಗುವಲ್ಲ ಎಂಬುದು ರಾಜೇಶ್ವರಿಗೆ ಗೊತ್ತಿತ್ತು.

ಅಕಿನ್ಯಿಯನ್ನು ಮನೆಯವಳನ್ನಾಗಿ ಮಾಡಿಕೊಂಡವಳು ರಾಜೇಶ್ವರಿಯ ತಾಯಿ ಕಸ್ತೂರೆವ್ವ. ಜೋಳದ ಹಿಟ್ಟು ಕಂಡ ಅಕಿನ್ಯಿ ನಮ್ಮ ಊಟವೂ ಇದೇ ಎಂದಳು. ಕಸ್ತೂರೆವ್ವನಿಗೆ ಅಷ್ಟೇ ಸಾಕಾಯಿತು. ರೊಟ್ಟಿ ಬಡಿಯಲು ಕಲಿಸುತ್ತ ಮಾತೂ ಕಲಿಸಿದಳು. ಮೊದಲ ಸಲ ಕಾಲೇಜಿಗೆ ಹೊರಟಾಗ ಅಕಿನ್ಯಿ ಬಾಗಿಲಲ್ಲಿ ನಿಂತು, ಕಲಿತಿದ್ದನ್ನೆಲ್ಲ ಕೂಡಿಸಿ, “ಅವ್ವಾ, ನಾ ಹೋಗ್ತೇನ್ರಿ,” ಎಂದು ನಡೆದಳು. ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಗೇಟಿನ ತನಕ ಓಡಿದಳು. ಅವಳನ್ನು ಒಳಗೆ ಕರೆತಂದು, ಕೂಡಿಸಿ, ನೀರು ಕುಡಿಸಿದಳು.

“ಹೋಗ್ತೇನಿ ಅನಬಾರದವ್ವ. ತಿರುಗಿ ಬರದವ್ರು ಅನ್ನೂ ಮಾತದು. ಬರ್ತೇನಿ ಅನಬೇಕು. ಹಂಗಂದು ಹೊಂಡು.”

ಅಂದಿನಿಂದ ಅಕಿನ್ಯಿ ಹಿತ್ತಲಿಗೆ ಹೋಗುವಾಗಲೂ “ಬರ್ತೇನ್ರಿ”. ಕಸ್ತೂರೆವ್ವ ಪ್ರತಿ ಸಲವೂ “ಹೂಂ, ಬಾ,” ಎನ್ನುತ್ತಿದ್ದಳು. ರಾಜೇಶ್ವರಿಗೆ ಸ್ವಲ್ಪ ಧೈರ್ಯ ಬಂತು.

ಜೋಳ ತೆನೆ ಕಟ್ಟುವ ಹೊತ್ತಿಗೆ ಅಣ್ಣ ಶ್ರೀಶೈಲನಿಗೆ ಬಸವನ ಬಾಗೇವಾಡಿಯ ಸಂಬಂಧ ಕೂಡಿ ಬಂತು. ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಆ ಮುಂಜಾನೆ ಅಕಿನ್ಯಿ ಬರುವವರಿಗಾಗಿ ಅಂಗಳದಲ್ಲಿ ರಂಗೋಲಿ ಹಾಕುತ್ತ ಕೂತಿದ್ದಳು. ರಾಚಪ್ಪ ಅವಳ ತಲೆಯ ಮೇಲಿಂದಲೇ ಮಗಳಿಗೆ ಹೇಳಿದ.

“ಇವತ್ತೊಂದಿನ ಈಕಿನ್ನ ಹಿತ್ತಲ ಖೋಲ್ಯಾಗ ಕೂಡ್ಸು. ಬಾಗಲಾ ಹಾಕ್ಕೊಂಡು ಇರ್ಲಿ. ಬಂದವ್ರು ಈ ಕರಿ ಮಾರಿ ನೋಡಿ ಏನಂದಾರು. ಇಂಗ್ಲಿಷಿನ್ಯಾಗ ನಯವಾಗಿ ಹೇಳು.”

ಬಸವ ಜಯಂತಿಗೆ ವೇದಿಕೆ ಹತ್ತಿ ಎಲ್ಲರೂ ಒಂದೇ ಎಂದು ಗಂಟಲು ಹರಿಯುವಂತೆ ಭಾಷಣ ಮಾಡುವವನು ಇದೇ ರಾಚಪ್ಪ. ರಾಜೇಶ್ವರಿಯ ಸಿಟ್ಟು ನೆತ್ತಿಗೇರಿತು.

“ನಾ ಹೇಳಂಗಿಲ್ಲ. ಹೊಲಸು ಮಾತಿಗೆ ಇಂಗ್ಲಿಷ್ ಯಾಕ ಬೇಕು?”

“ಲಗ್ನದ ಮಾತೈತಿ. ಸುಮ್ನ ವಾದಾ ಮಾಡಬ್ಯಾಡ.”

“ಅಕಿ ಅವ್ವ ನನಗ ಖೋಲಿ ತಯಾರ ಮಾಡ್ಯಾಳ, ಅಪ್ಪಾ. ಅಕಿನೂ ನನ್ನ ಮಾರಿ ನೋಡಿ ಹಿತ್ತಲದಾಗ ಕೂಡ್ಸಲೇನು?”

ರಂಗೋಲಿಯ ಎಳೆ ಅರ್ಧಕ್ಕೆ ನಿಂತಿತು. ಅಕಿನ್ಯಿ ಎದ್ದು ಕೈ ಝಾಡಿಸಿದಳು.

“ತಿಳೀತ್ರಿ,” ಎಂದಳು, ಕನ್ನಡದಲ್ಲೇ.

ಒಲೆಯ ಮುಂದಿದ್ದ ಕಸ್ತೂರೆವ್ವನಿಗೂ ಎಲ್ಲ ಕೇಳಿತ್ತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು, ಅಷ್ಟೇ. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ರಾಜೇಶ್ವರಿಯನ್ನು ಅಪ್ಪನ ಮಾತಿಗಿಂತ ಅವ್ವನ ಆ ಮೌನ ಹೆಚ್ಚು ಉರಿಸಿತು.

ಅಕಿನ್ಯಿ ಬಟ್ಟೆ ಕಟ್ಟಿಕೊಂಡಳು. ಕಾಲೇಜಿನ ಹಾಸ್ಟೆಲಿನಲ್ಲಿ ಒಂದು ಮಂಚ ಸಿಕ್ಕರೆ ಸಾಕು ಎಂದಳು. ರಾಜೇಶ್ವರಿ ಇರು ಎನ್ನಲು ಬಾಯಿ ತೆರೆದಳು. ಯಾವ ಮನೆಯಲ್ಲಿ ಇರು ಎನ್ನುವುದು ಎಂದು ನಾಚಿಕೆಯಾಗಿ, ಅವಳ ಪುಸ್ತಕಗಳನ್ನು ಇನ್ನೊಂದು ಚೀಲಕ್ಕೆ ತುಂಬಿದಳು. ಅಕಿನ್ಯಿ ಒಂದು ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬಂದಳು.

“ಅವ್ವಾ, ನಾ ಹೋಗ್ತೇನ್ರಿ.”

ಕಸ್ತೂರೆವ್ವ ಅಂದಿನಂತೆಯೇ ಹಿಟ್ಟಿನ ಕೈಯಲ್ಲಿ ಓಡಿ ಬಂದು ಮಣಿಕಟ್ಟು ಹಿಡಿದಳು. ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ.

“ಒಳಗ ಬಾರವ್ವ, ನೀರ ಕುಡಿ. ಬರ್ತೇನಿ ಅನ್ನು. ಒಂದ ಸಲ ಅನ್ನು.”

ಅಕಿನ್ಯಿ ಕೈ ಮೆಲ್ಲಗೆ ಬಿಡಿಸಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

“ಹೋಗ್ತೇನ್ರಿ.”

“ಬಿಡು,” ಎಂದ ರಾಚಪ್ಪ. “ಅಕಿಗೇನು ಕನ್ನಡ ಸರಿ ಬರ್ತೈತಿ.”

ರಾಜೇಶ್ವರಿ ಉಳಿದ ಚೀಲ ಎತ್ತಿಕೊಂಡಳು.

“ಸರಿ ಬರ್ತೈತಿ, ಅಪ್ಪಾ. ಅವ್ವನೇ ಕಲಿಸ್ಯಾಳ.”

ಅವಳೂ ಬರ್ತೇನಿ ಅನ್ನದೆ ಗೇಟು ದಾಟಿದಳು.